ದೇವಿಮನೆ ಘಟ್ಟಕ್ಕಾಗಿ ಹಳೇ ಪಿಕಪ್‌ಗೆ ಬೇರೆ ಎಂಜಿನ್

ಕುಮಟಾದಿಂದ ಶಿರಸಿಗೆ ಬರುವ ದಾರಿಯಲ್ಲಿ ಕತಗಾಲ ದಾಟಿ ದೇವಿಮನೆ ಘಟ್ಟ ಶುರುವಾದ ಕೂಡಲೇ ನಮ್ಮ ಪಿಕಪ್ ಎರಡನೇ ಗೇರಿಗೆ ಇಳಿಯುತ್ತಿತ್ತು. ಆಮೇಲೆ ದೇವಿಮನೆಯವರೆಗೂ ಅದೇ ಗೇರು. ಗಂಟೆಗೆ 18 ಕಿ.ಮೀ., ಜಾಸ್ತಿ ಅಂದರೆ 20. ಹಿಂದೆ ಸಾಣಿಕಟ್ಟಾ ಉಪ್ಪಿನ 15 ಚೀಲ. ಒಂದೊಂದು ಚೀಲ 50 ಕಿಲೊ, ಒಟ್ಟು 750 ಕಿಲೊ. ಅರ್ಧ ಘಟ್ಟ ಏರುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟುತ್ತಿತ್ತು. ಗಾಡಿ ಬದಿಗೆ ಹಾಕಿ, ಬಾನೆಟ್ ಎತ್ತಿ, ಇಪ್ಪತ್ತು ನಿಮಿಷ ಕಾಯಬೇಕು. ಕಳೆದ ವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ಹೊತ್ತಿಗೆ ತಂದ ಉಪ್ಪಿನ ಲೋಡು ಘಟ್ಟದಲ್ಲಿ ಮೂರು ಸಲ ನಿಂತಿತು. ಮೂರನೇ ಸಲ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬಂತು. ಹೇಗೋ ರಾಗಿಹೊಸಳ್ಳಿ ಮುಟ್ಟಿ, ಅಲ್ಲಿಂದ ಭಾವನ ಗಾಡಿಗೆ ಹಗ್ಗ ಕಟ್ಟಿ ಮನೆಗೆ ತಂದೆವು.

ಗಾಡಿ 1994ರ ಮಹೀಂದ್ರಾ ಪಿಕಪ್. ಅಪ್ಪಯ್ಯ ತೆಗೆದುಕೊಂಡಿದ್ದು. ಚಾಸಿ ಗಟ್ಟಿ ಇದೆ, ಹಿಂದಿನ ಡಬ್ಬಿಯ ತಗಡು ಎರಡು ಸಲ ಬದಲಾಗಿದೆ. ಒಳಗಿರುವುದು ಪ್ಯೂಜೋ ಡೀಸೆಲ್, ಎಕ್ಸ್‌ಡಿಪಿ 4.90. ಹೊಸ ಗಾಡಿ ತೆಗೆದುಕೊಳ್ಳೋಣ ಅಂತ ನಾನು ಒಂದು ಸಲ ಬಾಯಿ ಬಿಟ್ಟೆ. ಅಪ್ಪಯ್ಯ ಒಂದೇ ಮಾತು ಹೇಳಿದರು: "ಗಾಡಿ ಮಾರಡ ತಮಾ, ಎಂಜಿನ್ ಬೇಕಾರೆ ಬದ್ಲು ಮಾಡು." ನನಗೂ ಅದೇ ಬೇಕಿತ್ತು.

ಏಪ್ರಿಲ್‌ನಿಂದ ಮೇ ಕೊನೆಯವರೆಗೆ ಮಾಡಿದ ಆ ಕೆಲಸವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇಂಥ ಹಳೇ ಪಿಕಪ್, ಜೀಪು ನಮ್ಮ ಕಡೆ ಇನ್ನೂ ಬೇಕಾದಷ್ಟಿವೆ. ಮಾಡುವವರಿಗೆ ನನ್ನ ಅಳತೆ, ನನ್ನ ತಪ್ಪು ಎರಡೂ ಉಪಯೋಗಕ್ಕೆ ಬರಲಿ.

ಮೊದಲು ಕಾಯಿಲೆ ಏನು ಅಂತ ನೋಡಿದ್ದು

ಎಂಜಿನ್ ಬದಲಿಸುವ ಮೊದಲು ಹಳೆಯದಕ್ಕೆ ಒಂದು ಅವಕಾಶ ಕೊಡಬೇಕು. ಹೀಟರ್ ಪ್ಲಗ್ ಬಿಚ್ಚಿ ಆ ತೂತಿಗೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದೆವು. ಒಂದನೇ ಸಿಲಿಂಡರ್ 390 ಪಿಎಸ್‌ಐ, ಎರಡನೆಯದು 310, ಮೂರನೆಯದು 300, ನಾಲ್ಕನೆಯದು 385. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ಮೊದಲ ಅನುಮಾನ ಅವೆರಡರ ನಡುವಿನ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಅದರ ಮೇಲಿನ ಮುಚ್ಚಳವಾದ ಹೆಡ್‌ಗೂ ಮಧ್ಯೆ ಇಡುವ ಹಾಳೆ) ಮೇಲೆ. ಹೆಡ್ ಎತ್ತಿದಾಗ ಹಾಗೇ ಇತ್ತು. ಎರಡು ಮತ್ತು ಮೂರರ ಮಧ್ಯೆ ಗ್ಯಾಸ್ಕೆಟ್ ಸುಟ್ಟು ಕಪ್ಪಾಗಿತ್ತು. ಅಷ್ಟೇ ಆಗಿದ್ದರೆ ಗ್ಯಾಸ್ಕೆಟ್ ಹಾಕಿ ಮುಗಿಸಬಹುದಿತ್ತು. ಆದರೆ ಈ ಎಂಜಿನ್ನಿನ ಹೆಡ್ ಅಲ್ಯುಮಿನಿಯಂ. ಕಾದು ಕಾದು ಡೊಂಕಾಗಿತ್ತು. ಸ್ಟೀಲ್ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿದರೆ ನಡುವೆ 0.2 ಮಿ.ಮೀ. ಸಂದು. ಈ ಮೊದಲೇ ಎರಡು ಸಲ ಲೇತ್‌ನಲ್ಲಿ ಹೆರೆಸಿದ್ದ ಹೆಡ್ ಅದು. ಮೂರನೇ ಸಿಲಿಂಡರಿನ ಎರಡು ವಾಲ್ವ್‌ಗಳ ಮಧ್ಯೆ ಕೂದಲೆಳೆಯಂಥ ಬಿರುಕು ಬೇರೆ.

ನಮ್ಮ ಮೇಸ್ತ್ರಿ ಬಿರುಕಿನ ಮೇಲೆ ಉಗುರು ಎಳೆದು ನೋಡಿ, "ಹೆಗಡೇರೇ, ಇದಕ್ಕೆ ಮತ್ತೆ ದುಡ್ಡು ಹಾಕ್ಬೇಡಿ" ಅಂದರು. ಮೂವತ್ತು ವರ್ಷ ದುಡಿದ ಎಂಜಿನ್. ಅದನ್ನು ಕೆಟ್ಟದ್ದು ಅನ್ನಲಾರೆ. ಬಯಲು ರಸ್ತೆಯಲ್ಲಿ ಅದರಷ್ಟು ಚುರುಕಾದ ಹಳೇ ಡೀಸೆಲ್ ನಾನು ಓಡಿಸಿಲ್ಲ. ನಾವು ಅದಕ್ಕೆ ಕೊಟ್ಟ ಕೆಲಸ ಮಾತ್ರ ಅದಕ್ಕೆ ಹೊಂದುತ್ತಿರಲಿಲ್ಲ.

ಕುದುರೆಶಕ್ತಿ ಒಂದೇ, ಎಳೆತ ಬೇರೆ

ಈ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ.

ಪ್ಯೂಜೋ ಎಕ್ಸ್‌ಡಿಪಿ 4.90 ಅಂದರೆ ನಾಲ್ಕು ಸಿಲಿಂಡರ್, 90 ಮಿ.ಮೀ. ಬೋರ್, ಅಂದರೆ ಸಿಲಿಂಡರಿನ ಅಗಲ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ಉದ್ದ, 83 ಮಿ.ಮೀ. ಒಟ್ಟು 2112 ಸಿಸಿ, 62 ಕುದುರೆಶಕ್ತಿ. ನಾನು ಹಾಕಬೇಕೆಂದಿದ್ದು ಮಹೀಂದ್ರಾದ್ದೇ ಡಿಐ ಟರ್ಬೊ, ಹಳೇ ಬೊಲೆರೊದಲ್ಲಿ ಬರುತ್ತಿದ್ದದ್ದು. ಟರ್ಬೊ ಅಂದರೆ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ಒತ್ತುವ ಚಕ್ರ. 2523 ಸಿಸಿ, 63 ಕುದುರೆಶಕ್ತಿ. "ಒಂದು ಕುದುರೆಗೋಸ್ಕರ ಇಷ್ಟೆಲ್ಲ ಮಾಡ್ಬೇಕಾ?" ಅಂತ ಭಾವ ಕೇಳಿದ. ಕಾಗದದ ಮೇಲೆ ನೋಡಿದರೆ ಅವನ ಪ್ರಶ್ನೆ ಸರಿಯೇ.

ಆದರೆ ಪ್ಯೂಜೋ ತನ್ನ 62 ಕುದುರೆಯನ್ನು ಕೊಡುವುದು ನಿಮಿಷಕ್ಕೆ 4500 ಸುತ್ತಿನಲ್ಲಿ. ಡಿಐ ಟರ್ಬೊ ಕೊಡುವುದು 3200 ಸುತ್ತಿನಲ್ಲಿ. ಕುದುರೆಶಕ್ತಿ ಅಂದರೆ ಟಾರ್ಕ್ (ತಿರುಗಿಸುವ ಬಲ, ನಾವು ಹೇಳುವ ಎಳೆತ) ಮತ್ತು ಸುತ್ತು ಎರಡರ ಗುಣಾಕಾರ. ಕಡಿಮೆ ಸುತ್ತಿನಲ್ಲೇ ಅಷ್ಟು ಶಕ್ತಿ ಬರಬೇಕಾದರೆ ಪ್ರತಿ ಸುತ್ತಿನಲ್ಲೂ ಎಳೆತ ಜಾಸ್ತಿ ಇರಲೇಬೇಕು. ಪ್ಯೂಜೋದ ಗರಿಷ್ಠ ಟಾರ್ಕ್ 12 ಕೆಜಿಎಂ ಆಸುಪಾಸು, ಅಂದರೆ 120 ನ್ಯೂಟನ್ ಮೀಟರ್ ಹತ್ತಿರ. ಡಿಐ ಟರ್ಬೊದ್ದು 180. ಅದೂ 1500 ಸುತ್ತಿನ ಆಸುಪಾಸಿನಲ್ಲೇ ಸಿಗುತ್ತದೆ. ಲೋಡು ಹಾಕಿ ಘಟ್ಟ ಏರುವಾಗ ತಿರುವಿಗೆ ವೇಗ ಇಳಿಸಿ ಮತ್ತೆ ಎತ್ತಬೇಕಲ್ಲ, ಆಗ ಎಂಜಿನ್ ಇರುವುದೇ 1500ರ ಹತ್ತಿರ. ಅಲ್ಲಿ ಪ್ಯೂಜೋಗಿಂತ ಒಂದೂವರೆ ಪಟ್ಟು ಎಳೆತ. ಕುದುರೆ ಅಷ್ಟೇ ಇದ್ದರೂ ದೇವಿಮನೆ ತಿರುವಿನಲ್ಲಿ ಎರಡೂ ಎಂಜಿನ್ ಒಂದೇ ಅಲ್ಲ.

ಇನ್ನೊಂದು ವಿಷಯ. ಪ್ಯೂಜೋದಲ್ಲಿ ಡೀಸೆಲ್ ಸಿಡಿಯುವುದು ಹೆಡ್‌ನೊಳಗಿನ ಪುಟ್ಟ ಕೋಣೆಯಲ್ಲಿ. ಬೆಂಕಿ ಅಲ್ಲಿಂದ ಸಿಲಿಂಡರಿಗೆ ನುಗ್ಗುತ್ತದೆ. ಆ ಕೋಣೆಯ ಗೋಡೆ ಒಂದಷ್ಟು ಬಿಸಿಯನ್ನು ಹೆಡ್‌ಗೂ ನೀರಿಗೂ ಕೊಟ್ಟುಬಿಡುತ್ತದೆ. ಡಿಐ ಅಂದರೆ ಡೈರೆಕ್ಟ್ ಇಂಜೆಕ್ಷನ್. ಡೀಸೆಲ್ ನೇರ ಪಿಸ್ಟನ್ ತಲೆಯ ಮೇಲಿನ ಬಟ್ಟಲಿಗೇ ಬೀಳುತ್ತದೆ. ಬಿಸಿ ಪೋಲಾಗುವುದು ಕಡಿಮೆ. ಶಬ್ದ ಮಾತ್ರ ಜಾಸ್ತಿ.

ಈ ಡಿಐ ಎಂಜಿನ್ನಿನ ಬೋರ್ 88.9 ಮಿ.ಮೀ., ಸ್ಟ್ರೋಕ್ 101.6 ಮಿ.ಮೀ. ಇಂಚಿಗೆ ತಿರುಗಿಸಿದರೆ ಸರಿಯಾಗಿ ಮೂರೂವರೆ ಮತ್ತು ನಾಲ್ಕು. ಇದರ ಮೂಲ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಬಿ-275 ಟ್ರ್ಯಾಕ್ಟರಿನ ಎಂಜಿನ್. 1963ರಲ್ಲಿ ಮಹೀಂದ್ರಾ ಆ ಕಂಪನಿ ಜೊತೆ ಸೇರಿ ಟ್ರ್ಯಾಕ್ಟರ್ ಕೆಲಸ ಶುರು ಮಾಡಿತು. ಆ ಟ್ರ್ಯಾಕ್ಟರಿನ ನಾಲ್ಕು ಇಂಚಿನ ಸ್ಟ್ರೋಕ್ ಬೊಲೆರೊ ತನಕ ಹಾಗೇ ಉಳಿದಿದೆ. ಗದ್ದೆ ಉಳುವ ಎಂಜಿನ್ನಿನ ವಂಶ ಇದು. ಅದು ಗೊತ್ತಾದಾಗ ನನಗೆ ನಿಜವಾಗಿ ಖುಷಿಯಾಯಿತು.

ಎಂಜಿನ್ ತಂದಿದ್ದು, ಕಾಗದ ಮಾಡಿಸಿದ್ದು

ಹುಬ್ಬಳ್ಳಿಯ ಗುಜರಿಯಲ್ಲಿ ಹಿಂದಿನಿಂದ ಗುದ್ದಿಸಿಕೊಂಡ ಒಂದು ಬೊಲೆರೊ ಸಿಕ್ಕಿತು. ಎಂಜಿನ್, ಐದು ಗೇರಿನ ಪೆಟ್ಟಿಗೆ, ಕ್ಲಚ್, ಆಲ್ಟರ್ನೇಟರ್, ಟರ್ಬೊ, ಎಂಜಿನ್ ಫೌಂಡೇಶನ್ ರಬ್ಬರ್, ಎಲ್ಲ ಸೇರಿ 62,000 ರೂಪಾಯಿ. ಎಂಜಿನ್ ಒಂದನ್ನೇ ತಂದಿದ್ದರೆ 45,000ಕ್ಕೆ ಕೊಡುತ್ತಿದ್ದರು. ಆದರೆ ಹಳೇ ಗೇರ್ ಪೆಟ್ಟಿಗೆಗೆ ಹೊಸ ಎಂಜಿನ್ ಕೂರಿಸಲು ನಡುವೆ ಅಡಾಪ್ಟರ್ ಪ್ಲೇಟ್ ಮಾಡಿಸಬೇಕು. ಅದು ಕೂದಲಷ್ಟು ಆಚೀಚೆಯಾದರೂ ಗೇರ್ ಪೆಟ್ಟಿಗೆಯ ಮುಂದಿನ ಬೇರಿಂಗ್ ಹೋಗುತ್ತದೆ. ಜೋಡಿಯಾಗಿ ತನ್ನಿ ಅಂತಲೇ ನಾನು ಹೇಳುವುದು.

ಕೊಳ್ಳುವ ಮೊದಲು ನೆಲದ ಮೇಲೆಯೇ ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಿಸಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಪುಸುಪುಸು ಉಗುಳಬಾರದು. ಸ್ವಲ್ಪ ಬರುತ್ತಿತ್ತು, ಅದಕ್ಕೇ ರಿಂಗ್ ಬದಲಿಸುವ ಲೆಕ್ಕ ಹಾಕಿಕೊಂಡೆ. ಟರ್ಬೊದ ಚಕ್ರವನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿ. ಪಕ್ಕಕ್ಕೆ ತುಸು ಅಲುಗಿದರೆ ತೊಂದರೆ ಇಲ್ಲ. ಮುಂದೆ ಹಿಂದೆ ಅಲುಗಿದರೆ ಅಥವಾ ಚಕ್ರದ ತುದಿ ಗೋಡೆಗೆ ಉಜ್ಜಿದ ಗುರುತು ಇದ್ದರೆ ಬೇಡ.

ಬ್ಲಾಕ್ ಮೇಲಿನ ಎಂಜಿನ್ ನಂಬರನ್ನು ಆ ಬೊಲೆರೊದ ಆರ್‌ಸಿ ಜೊತೆ ತಾಳೆ ನೋಡಿ, ಆರ್‌ಸಿ ಪ್ರತಿ ಮತ್ತು ಬಿಲ್ಲು ತೆಗೆದುಕೊಂಡೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಬರೆದಿರುವುದು ಬದಲಾಗುವಂಥ ಮಾರ್ಪಾಡನ್ನು ನಾವೇ ಮಾಡಿಕೊಳ್ಳುವಂತಿಲ್ಲ. ಹಾಗಾಗಿ ಮೊದಲು ಶಿರಸಿ ಆರ್‌ಟಿಒದಲ್ಲಿ ಅರ್ಜಿ, ಅನುಮತಿ, ಆಮೇಲೆ ಕೆಲಸ. ಎರಡೂ ಮಹೀಂದ್ರಾ ಗಾಡಿಗೇ ಬರುತ್ತಿದ್ದ ಎಂಜಿನ್, ಎರಡೂ ಡೀಸೆಲ್ ಆಗಿದ್ದದ್ದು ಅನುಕೂಲವಾಯಿತು. ಕೆಲಸ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಗಾಡಿ ನೋಡಿ, ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದುಕೊಂಡರು. ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿದೆ. ಇದನ್ನು ಬಿಟ್ಟು ಸುಮ್ನೆ ಎಂಜಿನ್ ಹಾಕಿ ಓಡಿಸಿದರೆ ಅಪಘಾತವಾದ ದಿನ ಕ್ಲೇಮು ಕೈತಪ್ಪಬಹುದು.

ಅಂಗಳದಲ್ಲಿ

ಕೆಲಸ ನಡೆದದ್ದು ನಮ್ಮ ಅಡಿಕೆ ಅಂಗಳದಲ್ಲಿ. ಸುಗ್ಗಿ ಮುಗಿದು ಅಂಗಳ ಖಾಲಿ ಇತ್ತು. ಕಬ್ಬಿಣದ ಪೈಪಿನ ಮೂರು ಕಾಲು ನಿಲ್ಲಿಸಿ, ಚೈನ್ ಬ್ಲಾಕ್ ತೂಗಿಹಾಕಿ, ಹಳೇ ಎಂಜಿನ್ ಎತ್ತಿದೆವು. ಅದು ಬಾನೆಟ್ಟಿನಿಂದ ಹೊರಗೆ ಬಂದು ಗಾಳಿಯಲ್ಲಿ ನಿಂತಾಗ ಅಪ್ಪಯ್ಯ ಚಾವಡಿಯಿಂದ ಎದ್ದು ಬಂದು ಅದರ ಮೇಲೆ ಕೈ ಇಟ್ಟರು. ಏನೂ ಮಾತಾಡಲಿಲ್ಲ.

ಹೊಸದಾಗಿ ತಂದದ್ದನ್ನು ಪೂರ್ತಿ ಬಿಚ್ಚಿ ರಿಂಗ್, ಮೇನ್ ಬೇರಿಂಗ್, ಬಿಗ್ ಎಂಡ್ ಬೇರಿಂಗ್, ಎಲ್ಲ ಗ್ಯಾಸ್ಕೆಟ್, ಹಿಂದಿನ ಆಯಿಲ್ ಸೀಲ್ ಬದಲಿಸಿದೆವು. ವಾಲ್ವುಗಳನ್ನು ಪೇಸ್ಟ್ ಹಚ್ಚಿ ಕೈಯಲ್ಲೇ ಉಜ್ಜಿ ಕೂರಿಸಿದೆವು. ಡೀಸೆಲ್ ಪಂಪು ಮತ್ತು ಇಂಜೆಕ್ಟರ್ ಹುಬ್ಬಳ್ಳಿಯ ಪಂಪ್ ಅಂಗಡಿಯಲ್ಲಿ ಚೆಕ್ ಆಗಿ ಬಂದವು. ಇದಕ್ಕೆಲ್ಲ 21,000 ಆಯಿತು. ಈ ಭಾಗ ಯಾವ ಮೇಸ್ತ್ರಿಗೂ ಗೊತ್ತಿರುವ ಕೆಲಸ. ಉದ್ದ ಮಾಡುವುದಿಲ್ಲ.

ಕಷ್ಟ ಇದ್ದದ್ದು ಕೂರಿಸುವುದರಲ್ಲಿ. ಎಂಜಿನ್ನನ್ನು ಚಾಸಿಗೆ ಹಿಡಿಸುವ ಹಳೇ ಫೌಂಡೇಶನ್ ಬ್ರ್ಯಾಕೆಟ್ ಹೊಂದುವುದಿಲ್ಲ. ಹೊಸದನ್ನು 8 ಮಿ.ಮೀ. ಪ್ಲೇಟಿನಲ್ಲಿ ಮಾಡಿಸಬೇಕು. ಅಳತೆಯ ಅಚ್ಚಿಗೆ ರಟ್ಟಿನ ಬದಲು ಅಡಿಕೆ ಹಾಳೆ ಬಳಸಿದೆ. ನೆನೆಸಿ, ಭಾರ ಹೇರಿ ಒಣಗಿಸಿದ ಹಾಳೆ ತಟ್ಟೆಯಂತೆ ಗಟ್ಟಿ ನಿಲ್ಲುತ್ತದೆ. ಕತ್ತರಿಗೆ ಬಗ್ಗುತ್ತದೆ, ಆಯಿಲ್ ತಾಗಿದರೂ ಮೆತ್ತಗಾಗುವುದಿಲ್ಲ. ಎಂಜಿನ್ ಚೈನಿನಲ್ಲಿ ತೂಗುತ್ತಿರುವಾಗಲೇ ಹಾಳೆ ಇಟ್ಟು ತೂತುಗಳ ಗುರುತು ಹಾಕಿ, ಅದನ್ನೇ ವೆಲ್ಡಿಂಗ್ ಅಂಗಡಿಗೆ ಕೊಟ್ಟೆ. ಬ್ರ್ಯಾಕೆಟ್ ಮೊದಲ ಸಲಕ್ಕೇ ಕೂತಿತು.

ಬ್ರ್ಯಾಕೆಟ್ಟನ್ನು ಚಾಸಿಗೆ ವೆಲ್ಡ್ ಮಾಡಲಿಲ್ಲ, ಬೋಲ್ಟ್ ಹಾಕಿದೆವು. ಚಾಸಿಯ ಮೇಲಿನ ಮತ್ತು ಕೆಳಗಿನ ಮಡಿಕೆಗೆ ತೂತು ಹಾಕಲೇಬಾರದು. ಭಾರ ಬಿದ್ದಾಗ ಎಳೆತ, ಒತ್ತಡ ಜಾಸ್ತಿ ಬೀಳುವುದು ಆ ಎರಡು ಅಂಚಿನ ಮೇಲೆಯೇ. ನಿಂತ ಗೋಡೆಯ ನಡುಭಾಗದಲ್ಲಿ ತೂತು ಹಾಕಿದರೆ ಚಾಸಿಯ ಬಲ ಅಷ್ಟಾಗಿ ಕಡಿಮೆಯಾಗುವುದಿಲ್ಲ. ಹಳೇ ಗಾಡಿಗಳಲ್ಲಿ ಅಡ್ಡ ವೆಲ್ಡ್ ಮಾಡಿದ ಕಡೆಯೇ ಚಾಸಿ ಸೀಳಿದ್ದನ್ನು ನಾನು ಎರಡು ಕಡೆ ಕಣ್ಣಾರೆ ಕಂಡಿದ್ದೇನೆ.

ಇನ್ನು ಸಂಪ್, ಅಂದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿ. ಮುಂದಿನ ಆ್ಯಕ್ಸಲ್ ಸಂಪಿನ ಕೆಳಗೇ ಹಾದು ಹೋಗುತ್ತದೆ. ನಿಂತ ಗಾಡಿಯಲ್ಲಿ ನಡುವೆ 55 ಮಿ.ಮೀ. ಜಾಗ ಇತ್ತು. ಸಾಕು ಅಂತ ಅನ್ನಿಸಿತು. ಆದರೆ ಹೊಂಡಕ್ಕೆ ಬಿದ್ದಾಗ ಪಾಟಾ (ಪಟ್ಟಿ ಸ್ಪ್ರಿಂಗ್) ಬಗ್ಗಿ ಆ್ಯಕ್ಸಲ್ ಎಷ್ಟು ಮೇಲೆ ಬರುತ್ತದೆ ಅಂತ ಹೇಗೆ ಗೊತ್ತಾಗಬೇಕು? ಆ್ಯಕ್ಸಲ್ ಮೇಲೆ ಜೇಡಿಮಣ್ಣಿನ ಒಂದು ಉಂಡೆ ಮೆತ್ತಿದೆವು, 55 ಮಿ.ಮೀ. ಎತ್ತರಕ್ಕೆ. ಮುಂದೆ ಬಂಪರ್ ಮೇಲೆ ಇಬ್ಬರು ನಿಂತು, ಗಾಡಿಯನ್ನು ತಳ್ಳಿ ಮನೆ ಎದುರಿನ ಉಬ್ಬಿನಿಂದ ಇಳಿಸಿದೆವು. ಉಂಡೆ ಒತ್ತಿ 12 ಮಿ.ಮೀ. ಆಗಿತ್ತು. ನಿಧಾನಕ್ಕೆ ತಳ್ಳಿದಾಗಲೇ ಇಷ್ಟು. ಓಡುವ ಗಾಡಿ ಹೊಂಡಕ್ಕೆ ಬಿದ್ದರೆ ಸಂಪ್ ಒಡೆದು, ಆಯಿಲ್ ಪೂರ್ತಿ ಸೋರಿ, ಎಂಜಿನ್ ಜಾಮ್ ಆಗುತ್ತಿತ್ತು. ಬ್ರ್ಯಾಕೆಟ್ 20 ಮಿ.ಮೀ. ಎತ್ತರಿಸಿ, ಪಾಟಾಕ್ಕೆ ಒಂದು ಪಟ್ಟಿ ಸೇರಿಸಿ, ಬಂಪ್ ರಬ್ಬರ್ ದಪ್ಪದ್ದು ಹಾಕಿದೆವು. ಎರಡನೇ ಸಲ ಉಂಡೆ 38 ಮಿ.ಮೀ. ಉಳಿಯಿತು. ಎತ್ತರಿಸಿದ್ದಕ್ಕೆ ಟರ್ಬೊದ ಗಾಳಿ ಪೈಪು ಬಾನೆಟ್ಟಿಗೆ ತಾಗೀತು ಅಂತ ಅಲ್ಲೂ ಮಣ್ಣಿನ ಉಂಡೆಯನ್ನೇ ಇಟ್ಟು ನೋಡಿದೆ. 15 ಮಿ.ಮೀ. ಜಾಗ ಸಿಕ್ಕಿತು. ಕಾಸು ಖರ್ಚಿಲ್ಲದ ಈ ಉಪಾಯ ಮೇಸ್ತ್ರಿಯದು.

ಡಿಫರೆನ್ಷಿಯಲ್ ಮುಟ್ಟಲಿಲ್ಲ

ಸುತ್ತು ಕಡಿಮೆ ಇರುವ ಎಂಜಿನ್ ಹಾಕಿದರೆ ಗಾಡಿಯ ಓಟ ಕಡಿಮೆಯಾಗುತ್ತದೆ. ಹಾಗಾಗಿ ಹಿಂದಿನ ಡಿಫರೆನ್ಷಿಯಲ್ಲಿನ ಗೇರು ಜೋಡಿ, ಕ್ರೌನ್ ಪಿನಿಯನ್, ಬದಲಿಸಬೇಕು ಅಂತ ಮೊದಲು ಅಂದುಕೊಂಡಿದ್ದೆ. ಹಲ್ಲು ಎಣಿಸಿದೆ. ಕ್ರೌನ್ 43, ಪಿನಿಯನ್ 8. ಅಂದರೆ ಪಿನಿಯನ್ 5.38 ಸುತ್ತಿದರೆ ಚಕ್ರ ಒಂದು ಸುತ್ತು. ಟೈರಿಗೆ ಸುಣ್ಣದ ಗುರುತು ಹಾಕಿ ಒಂದು ಸುತ್ತು ಉರುಳಿಸಿ ಅಳೆದರೆ 2.25 ಮೀಟರ್. ನಾಲ್ಕನೇ ಗೇರಿನಲ್ಲಿ ಎಂಜಿನ್ನಿನ ಸುತ್ತು ಹಾಗೇ ಹಿಂದಿನ ಪಿನಿಯನ್ ತಿರುಗಿಸುವ ಪ್ರೊಪೆಲ್ಲರ್ ಶಾಫ್ಟಿಗೆ ಹೋಗುತ್ತದೆ. 3200 ಸುತ್ತಿಗೆ ಗಂಟೆಗೆ 80 ಕಿ.ಮೀ. ಬಂತು. ಐದನೇ ಗೇರು ಹಾಕಿ ಕೈಯಲ್ಲಿ ತಿರುಗಿಸಿ ನೋಡಿದೆ. ಎಂಜಿನ್ 10 ಸುತ್ತಿದರೆ ಶಾಫ್ಟ್ 12 ಸುತ್ತುತ್ತದೆ. ಅಂದರೆ ಐದನೇ ಗೇರಿನಲ್ಲಿ 60 ಕಿ.ಮೀ. ವೇಗಕ್ಕೆ ಎಂಜಿನ್ 2000 ಸುತ್ತು ಮಾತ್ರ. ಇದಕ್ಕಿಂತ ಏನು ಬೇಕು? ಘಟ್ಟಕ್ಕೆ ಹಳೇ ಡಿಫರೆನ್ಷಿಯಲ್ಲಿನ ಬಲ, ಬಯಲಿಗೆ ಐದನೇ ಗೇರು. ಬದಲಿಸುವ ಖರ್ಚು ಉಳಿಯಿತು.

ಹೊಸ ಗೇರ್ ಪೆಟ್ಟಿಗೆ 9 ಸೆಂ.ಮೀ. ಉದ್ದ. ಪ್ರೊಪೆಲ್ಲರ್ ಶಾಫ್ಟನ್ನು ಅಷ್ಟು ಕತ್ತರಿಸಿ, ಹುಬ್ಬಳ್ಳಿಯಲ್ಲಿ ಬ್ಯಾಲೆನ್ಸ್ ಮಾಡಿಸಿ ತಂದೆ. 4,500 ರೂಪಾಯಿ. ಗೇರ್ ಪೆಟ್ಟಿಗೆಯ ಹಿಂಬದಿ ಎಷ್ಟು ಡಿಗ್ರಿ ಕೆಳಗೆ ಬಾಗಿದೆಯೋ ಪಿನಿಯನ್ ಅಷ್ಟೇ ಡಿಗ್ರಿ ಮೇಲೆ ನೋಡಬೇಕು. ಮೊಬೈಲಿನ ಲೆವೆಲ್ ಆ್ಯಪ್ ಇಟ್ಟು ನೋಡಿ ಎರಡೂ 3 ಡಿಗ್ರಿಗೆ ತಂದೆವು. ಅಷ್ಟೆಲ್ಲ ಮಾಡಿಯೂ ಮೊದಲ ಓಟದಲ್ಲಿ 40 ಕಿ.ಮೀ. ದಾಟಿದ ಕೂಡಲೇ ಸೀಟಿನ ಕೆಳಗೆ ನಡುಕ. ಗಾಡಿ ನಿಲ್ಲಿಸಿ ಕೆಳಗೆ ಮಲಗಿ ನೋಡಿದೆ. ಶಾಫ್ಟಿನ ಎರಡು ತುದಿಯ ಯೋಕ್‌ಗಳು, ಅಂದರೆ ಕ್ರಾಸ್ ಎಂಬ ಕೀಲನ್ನು ಹಿಡಿಯುವ ಕವಲುಗಳು, ಒಂದೇ ಗೆರೆಯಲ್ಲಿ ಇರಬೇಕು. ಜಾರುವ ಹಲ್ಲಿನ ಭಾಗವನ್ನು ನಾನೇ ಸೇರಿಸಿದ್ದು, ತಿರುಗಿಸಿ ಹಾಕಿಬಿಟ್ಟಿದ್ದೆ. ಮುಂದಿನ ಕ್ರಾಸ್ ಮಾಡುವ ಏರಿಳಿತವನ್ನು ಹಿಂದಿನ ಕ್ರಾಸ್ ಸರಿದೂಗಿಸಬೇಕು. ಯೋಕ್ ತಪ್ಪಿದರೆ ಎರಡರ ಏರಿಳಿತವೂ ಸೇರಿ ದೊಡ್ಡದಾಗುತ್ತದೆ. ಶಾಫ್ಟಿನ ಮೇಲೆ ಬಾಣದ ಗುರುತು ಇತ್ತು, ಗ್ರೀಸಿನಡಿ ಮುಚ್ಚಿಹೋಗಿತ್ತು. ಒರೆಸಿ, ಸರಿ ಮಾಡಿ ಸೇರಿಸಿದೆ. ನಡುಕ ಪೂರ್ತಿ ಹೋಯಿತು.

ಮೊದಲ ಸ್ಟಾರ್ಟ್

ಟರ್ಬೊ ಇರುವ ಎಂಜಿನ್ ಒಣಗಿದ್ದಾಗ ಸ್ಟಾರ್ಟ್ ಮಾಡಬಾರದು. ಟರ್ಬೊಗೆ ಆಯಿಲ್ ಬರುವ ಪೈಪು ಬಿಚ್ಚಿ ಆ ತೂತಿಗೆ ಕೈಯಲ್ಲೇ ಆಯಿಲ್ ತುಂಬಿದೆವು. ಸ್ಟಾಪ್ ಎಳೆದು ಹಿಡಿದು, ಸೆಲ್ಫ್ ಹೊಡೆದು, ಆಯಿಲ್ ಪ್ರೆಷರ್ ಮುಳ್ಳು ಎದ್ದ ಮೇಲೆ ಡೀಸೆಲ್ ಬಿಟ್ಟೆವು. ಇಂಜೆಕ್ಟರ್ ನಟ್ಟು ಸಡಿಲಿಸಿ ಏರ್ ತೆಗೆದದ್ದು ಮಾಮೂಲು. ಪಕ್ಕದಲ್ಲಿ ಒಬ್ಬ ಹುಡುಗ ಒಂದು ಹಲಗೆ ತುಂಡು ಹಿಡಿದು ನಿಂತಿದ್ದ. ಪಂಪು ಸಿಕ್ಕಿಹಾಕಿಕೊಂಡು ಎಂಜಿನ್ ತಾನೇ ಏರುತ್ತ ಹೋದರೆ ಕೀಲಿ ತೆಗೆದರೂ ನಿಲ್ಲುವುದಿಲ್ಲ. ಗಾಳಿ ಒಳಗೆ ಹೋಗುವ ಬಾಯಿಗೆ ಹಲಗೆ ಒತ್ತಿದರೆ ನಿಲ್ಲುತ್ತದೆ. ಕೈ ಅಥವಾ ಬಟ್ಟೆ ಒಡ್ಡಬೇಡಿ, ಎಳೆದುಕೊಂಡುಬಿಡುತ್ತದೆ. ಹಲಗೆಯ ಅಗತ್ಯ ಬೀಳಲಿಲ್ಲ. ನಾಲ್ಕನೇ ಸೆಲ್ಫಿಗೆ ಎಂಜಿನ್ ಹಿಡಿಯಿತು. ಆ ಟ್ರ್ಯಾಕ್ಟರಿನ ದನಿ ಕೇಳಿ ಆಯಿ ಅಡುಗೆಮನೆಯಿಂದಲೇ, "ಯಾರ ಟ್ರ್ಯಾಕ್ಟರ್ ಬಂತೋ?" ಅಂತ ಕೇಳಿದಳು.

ಸಂತೋಷ ಒಂದು ದಿನ ಇತ್ತು. ಮಾರನೇ ದಿನ ಶಿರಸಿ ಪೇಟೆಗೆ ಹೋಗಿಬಂದು ನಿಲ್ಲಿಸಿದರೆ ಸ್ಲೋ ಓಟದಲ್ಲಿ ನೀಲಿ ಹೊಗೆ. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ರಿಂಗ್ ಹೊಸದು, ವಾಲ್ವ್ ಸೀಲ್ ಹೊಸದು. ಟರ್ಬೊ ಹೋಯಿತು ಅಂತ ಎಲ್ಲರೂ ಹೇಳಿದರು. ಹೊಸ ಟರ್ಬೊಗೆ ಬೆಲೆ ಕೇಳುವ ತನಕವೂ ಹೋಗಿದ್ದೆ. ಆದರೆ ಶಾಫ್ಟ್ ಅಲುಗಾಟ ಮೊದಲಿನಷ್ಟೇ ಇತ್ತು. ಏಕಾಏಕಿ ಯಾಕೆ ಸೋರಬೇಕು?

ಟರ್ಬೊಗೆ ಆಯಿಲ್ ಒತ್ತಡದಲ್ಲಿ ಬರುತ್ತದೆ, ಆದರೆ ವಾಪಸು ಸಂಪಿಗೆ ಹೋಗುವುದು ತನ್ನ ಭಾರದಿಂದಲೇ. ಎಳೆಯುವ ಪಂಪು ಅಲ್ಲಿಲ್ಲ. ಆ ವಾಪಸು ಪೈಪು ಚಾಸಿಗೆ ತಾಗುತ್ತದೆ ಅಂತ ನಾವು ರಬ್ಬರ್ ಹೋಸ್ ಹಾಕಿ ಸುತ್ತು ಬಳಸಿ ಒಯ್ದಿದ್ದೆವು. ನಡುವೆ ಜೋಲಿ ಬಿದ್ದು ಅಲ್ಲಿ ಆಯಿಲ್ ನಿಲ್ಲುತ್ತಿತ್ತು. ಇಳಿಯಲು ದಾರಿ ಇಲ್ಲದಿದ್ದಾಗ ಟರ್ಬೊ ಹೊಟ್ಟೆ ತುಂಬಿ ಆಯಿಲ್ ಸೀಲು ದಾಟಿ ಸೈಲೆನ್ಸರ್ ಕಡೆ ಹೋಗುತ್ತದೆ. ಟರ್ಬೊ ಸೀಲು ನಿಂತ ಆಯಿಲನ್ನು ತಡೆಯುವ ಸೀಲು ಅಲ್ಲ. ಹೋಸ್ ಕಿತ್ತುಹಾಕಿ ಒಳಗಿನ ಅಗಲ 20 ಮಿ.ಮೀ. ಇರುವ ಸ್ಟೀಲ್ ಪೈಪು ಮಾಡಿಸಿದೆ, ಎಲ್ಲೂ ಏರಿಲ್ಲದೆ ನೇರ ಇಳಿಜಾರು. ಚಾಸಿಗೆ ತಾಗುವ ಕಡೆ ಬ್ರ್ಯಾಕೆಟ್ಟನ್ನೇ ಸ್ವಲ್ಪ ಕೊರೆದೆವು. 650 ರೂಪಾಯಿ ಖರ್ಚು. ಒಂದು ತಾಸು ಓಡಿಸುವಷ್ಟರಲ್ಲಿ ಒಳಗೆ ಉಳಿದ ಆಯಿಲ್ ಸುಟ್ಟು ಹೊಗೆ ನಿಂತಿತು.

ಬ್ರೇಕಿನ ವಿಷಯಕ್ಕೆ ಬರುತ್ತೇನೆ. ಡೀಸೆಲ್ ಎಂಜಿನ್ನಿನಲ್ಲಿ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ತಾನಾಗಿ ಸಿಗುವುದಿಲ್ಲ. ಆಲ್ಟರ್ನೇಟರ್ ಹಿಂದೆ ಒಂದು ವ್ಯಾಕ್ಯೂಮ್ ಪಂಪು ಇರುತ್ತದೆ. ಅದರಿಂದ ಬೂಸ್ಟರಿಗೆ ಹೋಗುವ ಹೋಸ್ ಹಳೆಯದೇ ಹಾಕಿದ್ದೆವು. ಒಳಗಿನ ಪದರ ಕಿತ್ತು ಬಂದು, ಎಳೆದಾಗ ಹೋಸ್ ತಾನೇ ಮುಚ್ಚಿಕೊಳ್ಳುತ್ತಿತ್ತು. ಮೊದಲ ಬ್ರೇಕ್ ಸರಿ, ಬೆನ್ನಿಗೇ ಎರಡನೆಯದು ಕಲ್ಲಿನಂತೆ. ಮನೆಯ ಇಳಿಜಾರಿನಲ್ಲೇ ಗೊತ್ತಾದದ್ದು ಪುಣ್ಯ. ಹೊಸ ಹೋಸ್, ಹೊಸ ಒನ್-ವೇ ವಾಲ್ವ್ ಹಾಕಿದೆ. ಜೊತೆಗೆ ನಾಲ್ಕೂ ಚಕ್ರದ ಲೈನರ್, ವೀಲ್ ಸಿಲಿಂಡರ್ ಬದಲಿಸಿದೆ. ಏರುವ ವೇಗ ಹೆಚ್ಚಾದರೆ ಇಳಿಯುವಾಗಲೂ ಕಾಲು ಹಗುರಾಗುವುದಿಲ್ಲ. ಆದ್ದರಿಂದ ಈ ಕೆಲಸ ಮಾಡುವವರು ಎಂಜಿನ್ನಿನ ದುಡ್ಡಿನ ಜೊತೆಗೆ ಬ್ರೇಕಿನ ದುಡ್ಡನ್ನೂ ತೆಗೆದಿಟ್ಟುಕೊಳ್ಳಲೇಬೇಕು. ಇದರಲ್ಲಿ ರಾಜಿ ಬೇಡ.

ರೇಡಿಯೇಟರ್ ಮೂರು ಸಾಲಿನದು ಮಾಡಿಸಿ, ಫ್ಯಾನಿನ ಸುತ್ತ ತಗಡಿನ ಶ್ರೌಡ್ ಹಾಕಿದೆ. ಫ್ಯಾನು ರೇಡಿಯೇಟರಿನ ನಡುವಿಗೆ ಸರಿಯಾಗಿ ಬರುವುದಿಲ್ಲ, ಶ್ರೌಡ್ ಇಲ್ಲದಿದ್ದರೆ ಒಂದು ಮೂಲೆಗೆ ಗಾಳಿಯೇ ಇಲ್ಲ. ಕ್ಲಚ್ಚಿಗೆ ಬೊಲೆರೊದ ಮಾಸ್ಟರ್ ಸಿಲಿಂಡರ್ ಬಂತು. ಸ್ಪೀಡೋಮೀಟರ್ ಸುಳ್ಳು ಹೇಳುತ್ತಿದೆ. ಮೊಬೈಲ್ ಜಿಪಿಎಸ್‌ನಲ್ಲಿ 50 ಇದ್ದರೆ ಇದು 43 ತೋರಿಸುತ್ತದೆ.

ಉಪ್ಪಿನ ಲೋಡು

ಮೇ ಕೊನೆಯ ವಾರ, ಮಳೆ ಹಿಡಿಯುವ ಮೊದಲು, ಮತ್ತೆ ಸಾಣಿಕಟ್ಟಾಕ್ಕೆ ಹೋದೆ. ಅದೇ 15 ಚೀಲ. ಹೋಲಿಕೆ ಸರಿಯಾಗಿರಲಿ ಅಂತ ಒಂದು ಚೀಲವೂ ಹೆಚ್ಚು ಕಡಿಮೆ ಮಾಡಲಿಲ್ಲ. ಮೇಸ್ತ್ರಿಯೂ ಜೊತೆಗೆ ಬಂದಿದ್ದರು, ಕಾಲಡಿ ನೀರಿನ ಎರಡು ಕ್ಯಾನ್ ಇಟ್ಟುಕೊಂಡು.

ಕತಗಾಲ ದಾಟಿದೆವು. ಏರು ಶುರುವಾಯಿತು. ಮೂರನೇ ಗೇರಿನಲ್ಲಿ ಗಾಡಿ 35ರಲ್ಲಿ ಹೋಗುತ್ತಿತ್ತು. ಕಾಲು ಅರ್ಧ ಮಾತ್ರ ಒತ್ತಿದ್ದೆ. ಮೊದಲ ದೊಡ್ಡ ತಿರುವಿಗೆ ವೇಗ 20ಕ್ಕೆ ಇಳಿಯಿತು. ಹಳೇ ಅಭ್ಯಾಸಕ್ಕೆ ನನ್ನ ಕೈ ಗೇರಿನ ಮೇಲೆ ಹೋಯಿತು. ಮೇಸ್ತ್ರಿ ನನ್ನ ಕೈ ಹಿಡಿದು, "ಬಿಡಿ, ಎಳೀತದೆ" ಅಂದರು. ಬಿಟ್ಟೆ. ಒಂದು ಕ್ಷಣ ಭಾರ ಅನ್ನಿಸಿತು. ಆಮೇಲೆ ಟರ್ಬೊದ ಸಣ್ಣ ಸೀಟಿ ಕೇಳಿತು, ಗಾಡಿ ಮೂರನೇ ಗೇರಿನಲ್ಲೇ ತಿರುವು ಕಳೆದು ಮೇಲೆ ಹೊರಟಿತು. ಎರಡನೇ ಗೇರು ಬೇಕಾದದ್ದು ಇಡೀ ಘಟ್ಟದಲ್ಲಿ ಎರಡು ಕಡೆ ಮಾತ್ರ. ಅದರಲ್ಲಿ ಒಂದು ಕಡೆ ಎದುರಿನ ಲಾರಿಗೆ ದಾರಿ ಬಿಡಲು ನಿಂತಿದ್ದಕ್ಕೆ. ಟೆಂಪರೇಚರ್ ಮುಳ್ಳು ನಡುವಿನಿಂದ ಸ್ವಲ್ಪವೇ ಮೇಲೆ ಹೋಗಿ ಅಲ್ಲೇ ಕೂತಿತು.

ದೇವಿಮನೆಯಲ್ಲಿ ನಿಲ್ಲಿಸಿ ದೇವರಿಗೆ ಕೈಮುಗಿದೆವು. ನಿಲ್ಲಿಸಿದರೂ ಎಂಜಿನ್ ತಕ್ಷಣ ಬಂದ್ ಮಾಡಲಿಲ್ಲ. ಏರು ಹತ್ತಿ ಬಂದ ಟರ್ಬೊ ಕೆಂಡದಷ್ಟು ಬಿಸಿ ಇರುತ್ತದೆ. ಆಯಿಲ್ ಓಡಾಟ ನಿಂತರೆ ಒಳಗೆ ಉಳಿದ ಆಯಿಲ್ ಸುಟ್ಟು ಇದ್ದಿಲಾಗುತ್ತದೆ. ಎರಡು ಮೂರು ನಿಮಿಷ ಸ್ಲೋ ಓಟದಲ್ಲಿ ಬಿಟ್ಟು ಆಮೇಲೆ ಬಂದ್ ಮಾಡಬೇಕು. ಪೂಜೆ ಭಟ್ಟರು ತೀರ್ಥ ಕೊಡುವಾಗ, "ಈ ಸಲ ಹೊಗೆ ಇಲ್ಯಲ" ಅಂದರು. ಅವರಿಗೂ ನಮ್ಮ ಗಾಡಿ ನೆನಪಿತ್ತು.

ಈಗ 2,400 ಕಿ.ಮೀ. ಓಡಿದೆ. ಲೋಡು ಹಾಕಿದಾಗ ಮೊದಲು ಲೀಟರಿಗೆ 9 ಕಿ.ಮೀ. ಕೊಡುತ್ತಿದ್ದದ್ದು ಈಗ ಹನ್ನೊಂದೂವರೆ ಕೊಡುತ್ತಿದೆ. ಎಲ್ಲ ಸೇರಿ 1,18,000 ರೂಪಾಯಿ ಖರ್ಚಾಗಿದೆ, ಮೇಸ್ತ್ರಿಯ ಕೂಲಿ ಸೇರಿ. 500 ಕಿ.ಮೀ.ಗೆ ಮೊದಲ ಆಯಿಲ್ ಬದಲಿಸಿ, ಟ್ಯಾಪೆಟ್ ಮತ್ತೆ ಸೆಟ್ ಮಾಡಿದೆವು. ಫೌಂಡೇಶನ್ ಬೋಲ್ಟ್‌ಗಳಲ್ಲಿ ಒಂದು ಬೋಲ್ಟ್ ಕಾಲು ಸುತ್ತಿನಷ್ಟು ಸಡಿಲಾಗಿತ್ತು. ಗೇರ್ ಪೆಟ್ಟಿಗೆಯ ಹಿಂದಿನ ಸೀಲಿನಿಂದ ರಾತ್ರಿಗೆ ಒಂದೆರಡು ಹನಿ ಆಯಿಲ್ ಬೀಳುತ್ತಿದೆ. ಸ್ಪೀಡೋಮೀಟರಿನ ಪ್ಲಾಸ್ಟಿಕ್ ಗೇರು ಹುಬ್ಬಳ್ಳಿಯಲ್ಲಿ ಹೇಳಿಟ್ಟಿದ್ದೇನೆ. ಅದು ಬಂದ ದಿನ ಶಾಫ್ಟ್ ಇಳಿಸಿ ಎರಡೂ ಕೆಲಸ ಒಟ್ಟಿಗೆ ಮಾಡಬೇಕು. ಹಳೇ ಪ್ಯೂಜೋ ಎಂಜಿನ್ ಗ್ರೀಸ್ ಬಳಿದುಕೊಂಡು ಕೊಟ್ಟಿಗೆಯ ಮೂಲೆಯಲ್ಲಿ ಹಲಗೆ ಮೇಲೆ ಕೂತಿದೆ. ಅದನ್ನು ಗುಜರಿಗೆ ಕೊಡುವ ಮಾತನ್ನು ಅಪ್ಪಯ್ಯನ ಹತ್ತಿರ ನಾನು ಎತ್ತಿಲ್ಲ.